ಡಿಎನ್‌ಎ ಮತ್ತು ಆರ್‌ಎನ್‌ಎ ಪತ್ತೆಯ ಪ್ರಯೋಗಾಲಯ ಪರೀಕ್ಷೆಗಳು

ಒಂದು ಮಾದರಿಯಲ್ಲಿರುವ ನ್ಯೂಕ್ಲಿಯಿಕ್ ಆಮ್ಲವು ಡಿಎನ್‌ಎಯೋ ಆರ್‌ಎನ್‌ಎಯೋ ಅಥವಾ ಎರಡರ ಮಿಶ್ರಣವೋ ಎಂಬುದನ್ನು ನಿರ್ಧರಿಸಲು ಜೀವರಸಾಯನಶಾಸ್ತ್ರದಲ್ಲಿ ಬಳಸುವ ವಿಧಾನಗಳನ್ನು ಒಟ್ಟಾಗಿ ಡಿಎನ್‌ಎ ಮತ್ತು ಆರ್‌ಎನ್‌ಎ ಪತ್ತೆಯ ಪರೀಕ್ಷೆಗಳು ಎನ್ನಲಾಗುತ್ತದೆ. ಡೈಫಿನೈಲಮೀನ್ ಮತ್ತು ಆರ್ಸಿನಾಲ್‌ಗಳ ಬಣ್ಣದ ಪರೀಕ್ಷೆಗಳು, ಫಾಯ್ಲ್‌ಗನ್ ವರ್ಣಲೇಪನ, ಕ್ಷಾರದಿಂದ ಮಾಡುವ ಜಲವಿಭಜನೆ, ಡಿಎನ್‌ಏಸ್ ಮತ್ತು ಆರ್‌ಎನ್‌ಏಸ್ ಕಿಣ್ವಗಳ ಪ್ರಯೋಗ ಇವು ಮುಖ್ಯವಾದವು. ಈ ಎರಡು ಆಮ್ಲಗಳು ಕಣ್ಣಿಗೆ ಬೇರೆಬೇರೆಯಾಗಿ ಕಾಣುವುದಿಲ್ಲ. ಶುದ್ಧೀಕರಿಸಿದಾಗ ಎರಡೂ ಬಿಳಿಯ ವಸ್ತುಗಳೇ. ಎರಡೂ ನೀರಿನಲ್ಲಿ ಕರಗುತ್ತವೆ, ಆಲ್ಕೋಹಾಲಿನಲ್ಲಿ ಪ್ರಕ್ಷೇಪಗೊಳ್ಳುತ್ತವೆ, ನೇರಳಾತೀತ ಕಿರಣವನ್ನು ಬಹುತೇಕ ಒಂದೇ ತರಂಗಾಂತರದಲ್ಲಿ ಹೀರುತ್ತವೆ. ಆದ್ದರಿಂದ ಅವುಗಳ ರಚನೆಯಲ್ಲಿರುವ ಸಣ್ಣ ವ್ಯತ್ಯಾಸವನ್ನು ಹಿಡಿದೇ ಪರೀಕ್ಷೆಯನ್ನು ರೂಪಿಸಬೇಕಾಗುತ್ತದೆ. ಯಾವ ಒಂದು ಪರೀಕ್ಷೆಯೂ ತಾನೊಂದೇ ಸಂಪೂರ್ಣ ನಿರ್ಣಾಯಕವಲ್ಲ. ಎರಡು ಮೂರು ಪರೀಕ್ಷೆಗಳ ಫಲಿತಾಂಶಗಳು ಒಂದಕ್ಕೊಂದು ಹೊಂದಿಕೊಂಡಾಗಲೇ ತೀರ್ಮಾನಕ್ಕೆ ಬರುವುದು ಕ್ರಮ.

ವಂಶವಾಹಿಗಳು ಡಿಎನ್‌ಎಯಿಂದ ಆದವು ಎಂಬ ತೀರ್ಮಾನಕ್ಕೆ 1944ರಲ್ಲಿ ಮೊದಲ ಬಲವಾದ ಆಧಾರ ದೊರೆತದ್ದು ಇಂತಹ ಪರೀಕ್ಷೆಗಳಿಂದಲೇ. ಆದ್ದರಿಂದ ಜೀವಶಾಸ್ತ್ರದ ಇತಿಹಾಸದಲ್ಲಿಯೂ ಇವುಗಳಿಗೆ ವಿಶೇಷ ಸ್ಥಾನವಿದೆ.

ರಾಸಾಯನಿಕ ಹಿನ್ನೆಲೆ

ಎರಡೂ ನ್ಯೂಕ್ಲಿಯಿಕ್ ಆಮ್ಲಗಳು ನ್ಯೂಕ್ಲಿಯೊಟೈಡ್ ಎಂಬ ಘಟಕಗಳ ಉದ್ದನೆಯ ಸರಪಳಿಗಳು. ಪ್ರತಿಯೊಂದು ನ್ಯೂಕ್ಲಿಯೊಟೈಡ್‌ನಲ್ಲಿ ಐದು ಇಂಗಾಲಗಳ ಒಂದು ಸಕ್ಕರೆ, ಒಂದು ಫಾಸ್ಫೇಟ್ ಗುಂಪು ಮತ್ತು ಒಂದು ಸಾರಜನಕಯುಕ್ತ ಪ್ರತ್ಯಾಮ್ಲ ಇರುತ್ತವೆ. ಇವೆರಡರ ನಡುವಿನ ವ್ಯತ್ಯಾಸಗಳು ಮುಖ್ಯವಾಗಿ ಮೂರು.

ಮೊದಲನೆಯದು ಸಕ್ಕರೆಯ ವ್ಯತ್ಯಾಸ. ಆರ್‌ಎನ್‌ಎಯಲ್ಲಿರುವ ಸಕ್ಕರೆ ರೈಬೋಸ್, ಡಿಎನ್‌ಎಯಲ್ಲಿರುವುದು ಡಿಯಾಕ್ಸಿರೈಬೋಸ್. ‘ಡಿಯಾಕ್ಸಿ’ ಎಂದರೆ ಆಮ್ಲಜನಕವನ್ನು ಕಳೆದುಕೊಂಡದ್ದು ಎಂದರ್ಥ. ರೈಬೋಸ್‌ನ ಎರಡನೆಯ ಇಂಗಾಲಕ್ಕೆ ಅಂಟಿಕೊಂಡಿರುವ ಹೈಡ್ರಾಕ್ಸಿಲ್ ಗುಂಪಿನ ಜಾಗದಲ್ಲಿ ಡಿಯಾಕ್ಸಿರೈಬೋಸ್‌ನಲ್ಲಿ ಬರಿಯ ಜಲಜನಕವಿರುತ್ತದೆ. ಅಂದರೆ ಪ್ರತಿ ಘಟಕಕ್ಕೆ ಒಂದೇ ಒಂದು ಆಮ್ಲಜನಕ ಪರಮಾಣುವಿನ ಅಂತರ.

ಎರಡನೆಯದು ಪ್ರತ್ಯಾಮ್ಲದ ವ್ಯತ್ಯಾಸ. ಅಡಿನೀನ್, ಗ್ವಾನೀನ್, ಸೈಟೊಸೀನ್‌ಗಳು ಎರಡರಲ್ಲಿಯೂ ಇವೆ. ನಾಲ್ಕನೆಯದಾಗಿ ಡಿಎನ್‌ಎಯಲ್ಲಿ ಥೈಮೀನ್ ಇದ್ದರೆ ಆರ್‌ಎನ್‌ಎಯಲ್ಲಿ ಯುರಾಸಿಲ್ ಇರುತ್ತದೆ. ಥೈಮೀನ್ ಎಂಬುದು ಒಂದು ಮಿಥೈಲ್ ಗುಂಪನ್ನು ಹೆಚ್ಚಾಗಿ ಹೊಂದಿರುವ ಯುರಾಸಿಲ್.

ಮೂರನೆಯದು ಎಳೆಗಳ ವ್ಯತ್ಯಾಸ. ಜೀವಕೋಶದಲ್ಲಿ ಡಿಎನ್‌ಎ ಸಾಮಾನ್ಯವಾಗಿ ಎರಡೆಳೆಯ ಸುರುಳಿಯಾಗಿಯೂ ಆರ್‌ಎನ್‌ಎ ಒಂಟಿ ಎಳೆಯಾಗಿಯೂ ಇರುತ್ತದೆ. ಆದರೆ ಇದು ನಿಯಮವಲ್ಲ, ರೂಢಿ ಮಾತ್ರ. ರೋಟಾವೈರಾಣುವಿನಲ್ಲಿ ಎರಡೆಳೆಯ ಆರ್‌ಎನ್‌ಎ ಇದೆ; ಪಾರ್ವೊವೈರಾಣುಗಳಲ್ಲಿ ಒಂಟಿ ಎಳೆಯ ಡಿಎನ್‌ಎ ಇದೆ. ಆದ್ದರಿಂದ ಎಳೆಗಳ ಸಂಖ್ಯೆಯನ್ನು ಮಾತ್ರ ತೋರಿಸುವ ಪರೀಕ್ಷೆಯನ್ನು ಡಿಎನ್‌ಎ, ಆರ್‌ಎನ್‌ಎಗಳ ಪರೀಕ್ಷೆಯೆಂದು ಭಾವಿಸಬಾರದು.

ಇವುಗಳಲ್ಲಿ ಮೊದಲನೆಯ ವ್ಯತ್ಯಾಸವೇ ಬಹುಪಾಲು ಪರೀಕ್ಷೆಗಳಿಗೆ ಆಧಾರ. ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಗುಂಪು ಎರಡು ಕೆಲಸಗಳನ್ನು ಮಾಡುತ್ತದೆ. ಒಂದು, ಆಮ್ಲದ ಎದುರಿನಲ್ಲಿ ಸಕ್ಕರೆಗೂ ಪ್ರತ್ಯಾಮ್ಲಕ್ಕೂ ಇರುವ ಬಂಧವನ್ನು ಗಟ್ಟಿಗೊಳಿಸುತ್ತದೆ. ಇನ್ನೊಂದು, ಕ್ಷಾರದ ಎದುರಿನಲ್ಲಿ ಪಕ್ಕದ ಫಾಸ್ಫೇಟ್ ಬಂಧವನ್ನು ಮುರಿದು ಸರಪಳಿಯನ್ನೇ ತುಂಡರಿಸುತ್ತದೆ. ಹೀಗಾಗಿ ಆಮ್ಲದಲ್ಲಿ ಡಿಎನ್‌ಎ ಬೇಗ ತನ್ನ ಪ್ರತ್ಯಾಮ್ಲಗಳನ್ನು ಕಳೆದುಕೊಳ್ಳುತ್ತದೆ; ಕ್ಷಾರದಲ್ಲಿ ಆರ್‌ಎನ್‌ಎ ಬೇಗ ಚೂರಾಗುತ್ತದೆ. ಮುಂದೆ ವಿವರಿಸಿರುವ ಪರೀಕ್ಷೆಗಳಲ್ಲಿ ಹೆಚ್ಚಿನವು ಈ ಎರಡು ವಾಕ್ಯಗಳ ವಿಸ್ತರಣೆ ಎನ್ನಬಹುದು.

ಇತಿಹಾಸ

ಸ್ವಿಟ್ಜರ್ಲೆಂಡಿನ ಫ್ರೆಡ್ರಿಕ್ ಮೀಷರ್ 1869ರಲ್ಲಿ ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ ಕೀವಿನ ಕೋಶಗಳಿಂದ ರಂಜಕಯುಕ್ತವಾದ ಒಂದು ವಸ್ತುವನ್ನು ಬೇರ್ಪಡಿಸಿ ಅದಕ್ಕೆ ‘ನ್ಯೂಕ್ಲಿನ್’ ಎಂದು ಹೆಸರಿಟ್ಟನು. 1889ರಲ್ಲಿ ರಿಚರ್ಡ್ ಆಲ್ಟ್‌ಮನ್ ‘ನ್ಯೂಕ್ಲಿಯಿಕ್ ಆಮ್ಲ’ ಎಂಬ ಹೆಸರನ್ನು ಬಳಕೆಗೆ ತಂದನು. ಆ ಕಾಲದಲ್ಲಿ ಡಿಎನ್‌ಎ, ಆರ್‌ಎನ್‌ಎ ಎಂಬ ಹೆಸರುಗಳು ಇರಲಿಲ್ಲ. ಕರುವಿನ ಥೈಮಸ್ ಗ್ರಂಥಿಯಿಂದ ದೊರೆತದ್ದನ್ನು ‘ಥೈಮಸ್ ನ್ಯೂಕ್ಲಿಯಿಕ್ ಆಮ್ಲ’ ಎಂದೂ ಯೀಸ್ಟ್‌ನಿಂದ ದೊರೆತದ್ದನ್ನು ‘ಯೀಸ್ಟ್ ನ್ಯೂಕ್ಲಿಯಿಕ್ ಆಮ್ಲ’ ಎಂದೂ ಕರೆಯುತ್ತಿದ್ದರು. ಫೀಬಸ್ ಲೆವೀನ್ ಎಂಬ ರಸಾಯನಶಾಸ್ತ್ರಜ್ಞನು ಯೀಸ್ಟ್ ಆಮ್ಲದ ಸಕ್ಕರೆ ರೈಬೋಸ್ ಎಂಬುದನ್ನು 1909ರಲ್ಲಿಯೂ, ಥೈಮಸ್ ಆಮ್ಲದ ಸಕ್ಕರೆ ಡಿಯಾಕ್ಸಿರೈಬೋಸ್ ಎಂಬುದನ್ನು 1929ರಲ್ಲಿಯೂ ಗುರುತಿಸಿದನು. ಎರಡು ಸಕ್ಕರೆಗಳ ಗುರುತಿಗೆ ನಡುವೆ 20 ವರ್ಷಗಳು ಹಿಡಿದವು.

ಈ ಹೆಸರುಗಳಿಂದ ಒಂದು ತಪ್ಪು ಕಲ್ಪನೆಯೂ ಬೇರೂರಿತು. ಥೈಮಸ್ ಮಾದರಿಯ ಆಮ್ಲ ಪ್ರಾಣಿಗಳಿಗೆ ಸೇರಿದ್ದು, ಯೀಸ್ಟ್ ಮಾದರಿಯ ಆಮ್ಲ ಸಸ್ಯಗಳಿಗೆ ಸೇರಿದ್ದು ಎಂದು ಅನೇಕರು ನಂಬಿದ್ದರು. 1924ರಲ್ಲಿ ರಾಬರ್ಟ್ ಫಾಯ್ಲ್‌ಗನ್ ಮತ್ತು ಹೈನ್ರಿಕ್ ರೊಸೆನ್‌ಬೆಕ್ ಪ್ರಕಟಿಸಿದ ವರ್ಣಲೇಪನ ವಿಧಾನವು ಸಸ್ಯಕೋಶಗಳ ಕೋಶಕೇಂದ್ರದಲ್ಲಿಯೂ ಥೈಮಸ್ ಮಾದರಿಯ ಆಮ್ಲವೇ ಇದೆಯೆಂದು ತೋರಿಸಿತು. ಮುಂದೆ ಬೆಲ್ಜಿಯಮ್ಮಿನ ಜೀನ್ ಬ್ರಾಶೆ ಮತ್ತು ಸ್ವೀಡನ್ನಿನ ಟೋರ್ಬ್ಯೋರ್ನ್ ಕ್ಯಾಸ್ಪರ್ಸನ್ ಬೇರೆಬೇರೆ ವಿಧಾನಗಳಿಂದ, ಸಸ್ಯವಾಗಲಿ ಪ್ರಾಣಿಯಾಗಲಿ, ಕೋಶದ್ರವ್ಯದಲ್ಲಿ ಆರ್‌ಎನ್‌ಎ ಇರುವುದನ್ನೂ ಪ್ರೋಟೀನನ್ನು ಹೆಚ್ಚಾಗಿ ತಯಾರಿಸುವ ಕೋಶಗಳಲ್ಲಿ ಅದು ಹೇರಳವಾಗಿರುವುದನ್ನೂ ಕಂಡುಕೊಂಡರು. ಹೀಗೆ ಎರಡು ಆಮ್ಲಗಳೂ ಸಕಲ ಜೀವಕೋಶಗಳಲ್ಲಿ ಜೊತೆಜೊತೆಯಾಗಿ ಇರುತ್ತವೆಂಬ ತಿಳಿವಳಿಕೆ ನೆಲೆಗೊಂಡಿತು.

ಬಣ್ಣದ ಪರೀಕ್ಷೆಗಳು

ಪದವಿ ತರಗತಿಗಳ ಪ್ರಾಯೋಗಿಕ ಪಾಠಗಳಲ್ಲಿ ಹೆಚ್ಚಾಗಿ ಮಾಡಿಸುವುದು ಈ ಕೆಳಗಿನ ಎರಡು ಪರೀಕ್ಷೆಗಳನ್ನು.

ಡೈಫಿನೈಲಮೀನ್ ಪರೀಕ್ಷೆ: ಇದು ಡಿಎನ್‌ಎಯ ಪರೀಕ್ಷೆ. ಜಕಾರಿಯಾಸ್ ಡಿಷೆ ಎಂಬಾತನು 1930ರಲ್ಲಿ ಇದನ್ನು ಪ್ರಕಟಿಸಿದ ಕಾರಣ ಡಿಷೆ ಪರೀಕ್ಷೆ ಎಂಬ ಹೆಸರೂ ಇದೆ. ಡೈಫಿನೈಲಮೀನನ್ನು ನೀರಿಲ್ಲದ ಅಸಿಟಿಕ್ ಆಮ್ಲದಲ್ಲಿ ಕರಗಿಸಿ, ಸ್ವಲ್ಪ ಪ್ರಬಲ ಗಂಧಕಾಮ್ಲವನ್ನು ಸೇರಿಸಿ ಕಾರಕವನ್ನು ತಯಾರಿಸುತ್ತಾರೆ. ಮಾದರಿಯ ದ್ರಾವಣಕ್ಕೆ ಅದರ ಎರಡರಷ್ಟು ಕಾರಕವನ್ನು ಬೆರೆಸಿ ಕುದಿಯುವ ನೀರಿನಲ್ಲಿ ಸುಮಾರು 10 ನಿಮಿಷ ಇರಿಸಿದರೆ, ಡಿಎನ್‌ಎ ಇದ್ದಾಗ ನೀಲಿ ಬಣ್ಣ ಬರುತ್ತದೆ. ಬಿಸಿಯಾದ ಆಮ್ಲವು ಮೊದಲು ಅಡಿನೀನ್ ಮತ್ತು ಗ್ವಾನೀನ್‌ಗಳನ್ನು ಡಿಯಾಕ್ಸಿರೈಬೋಸ್‌ನಿಂದ ಕಳಚುತ್ತದೆ. ಬಿಡುಗಡೆಯಾದ ಸಕ್ಕರೆಯು ನೀರನ್ನು ಕಳೆದುಕೊಂಡು ಒಂದು ಆಲ್ಡಿಹೈಡ್ ಆಗುತ್ತದೆ. ಆ ಆಲ್ಡಿಹೈಡು ಡೈಫಿನೈಲಮೀನ್‌ನೊಡನೆ ಸೇರಿ ನೀಲಿ ವಸ್ತುವಾಗುತ್ತದೆ. ರೈಬೋಸ್‌ನಿಂದ ಈ ಆಲ್ಡಿಹೈಡು ಉಂಟಾಗದ ಕಾರಣ ಆರ್‌ಎನ್‌ಎ ನೀಲಿ ಬಣ್ಣ ಕೊಡುವುದಿಲ್ಲ. ಬಣ್ಣದ ತೀವ್ರತೆಯನ್ನು ವರ್ಣಮಾಪಕದಲ್ಲಿ 600 ನ್ಯಾನೋಮೀಟರ್ ಸಮೀಪದಲ್ಲಿ ಅಳೆದು ಡಿಎನ್‌ಎಯ ಪ್ರಮಾಣವನ್ನೂ ಲೆಕ್ಕಹಾಕಬಹುದು. 1956ರಲ್ಲಿ ಬರ್ಟನ್ ಎಂಬ ವಿಜ್ಞಾನಿ ಕಾರಕಕ್ಕೆ ಅಸಿಟಾಲ್ಡಿಹೈಡನ್ನು ಸೇರಿಸಿ, ಕುದಿಸುವ ಬದಲು 30 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಾತ್ರಿಯಿಡೀ ಇರಿಸುವ ಸುಧಾರಿತ ಕ್ರಮವನ್ನು ಸೂಚಿಸಿದನು. ಇದು ಮೂಲ ವಿಧಾನಕ್ಕಿಂತ ಹೆಚ್ಚು ಸೂಕ್ಷ್ಮವಾದದ್ದು.

ಆರ್ಸಿನಾಲ್ ಪರೀಕ್ಷೆ: ಇದಕ್ಕೆ ಬಿಯಲ್ ಪರೀಕ್ಷೆ ಎಂದೂ ಹೆಸರು. ಪ್ರಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆರ್ಸಿನಾಲ್ ಮತ್ತು ಸ್ವಲ್ಪ ಫೆರಿಕ್ ಕ್ಲೋರೈಡ್ ಇರುವ ಕಾರಕದೊಡನೆ ಮಾದರಿಯನ್ನು ಸುಮಾರು 20 ನಿಮಿಷ ಕುದಿಯುವ ನೀರಿನಲ್ಲಿ ಇರಿಸುತ್ತಾರೆ. ರೈಬೋಸ್ ಫರ್‌ಫ್ಯುರಾಲ್ ಆಗಿ, ಅದು ಆರ್ಸಿನಾಲ್‌ನೊಡನೆ ಸೇರಿ ಹಸಿರು ಬಣ್ಣವನ್ನು ಕೊಡುತ್ತದೆ. ಇದನ್ನು 665 ನ್ಯಾನೋಮೀಟರ್ ಸಮೀಪದಲ್ಲಿ ಅಳೆಯಲಾಗುತ್ತದೆ.

ಇಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಸಂಗತಿಯೊಂದಿದೆ. ಆರ್ಸಿನಾಲ್ ಪರೀಕ್ಷೆ ಆರ್‌ಎನ್‌ಎಗೆ ಮಾತ್ರ ಮೀಸಲಾದದ್ದಲ್ಲ. ಇದು ಐದು ಇಂಗಾಲಗಳ ಸಕ್ಕರೆಗಳೆಲ್ಲಕ್ಕೂ ಸಾಮಾನ್ಯವಾದ ಪರೀಕ್ಷೆ. ಕ್ಸೈಲೋಸ್, ಅರಬಿನೋಸ್‌ಗಳೂ ಹಸಿರು ಬಣ್ಣ ಕೊಡುತ್ತವೆ. ಶುದ್ಧ ಡಿಎನ್‌ಎಯೂ ತಿಳಿಯಾದ ಬಣ್ಣವನ್ನು ಕೊಡುತ್ತದೆ. ಆದ್ದರಿಂದ ‘ಆರ್ಸಿನಾಲ್‌ನಲ್ಲಿ ಹಸಿರು ಬಂದಿತು, ಹಾಗಾದರೆ ಇದು ಆರ್‌ಎನ್‌ಎ’ ಎಂಬ ತರ್ಕ ದೋಷಯುಕ್ತ. ಡೈಫಿನೈಲಮೀನ್‌ನಲ್ಲಿ ಬಣ್ಣ ಬರದೆ ಆರ್ಸಿನಾಲ್‌ನಲ್ಲಿ ಗಾಢವಾದ ಹಸಿರು ಬಂದರೆ ಆರ್‌ಎನ್‌ಎ ಇರುವ ಸಂಭವ ಹೆಚ್ಚು. ಎರಡರಲ್ಲಿಯೂ ಬಣ್ಣ ಬಂದರೆ ಮಿಶ್ರಣವಿರಬಹುದು, ಬರಿಯ ಡಿಎನ್‌ಎಯೂ ಇರಬಹುದು. ಪ್ರಮಾಣ ತಿಳಿದಿರುವ ಶುದ್ಧ ಡಿಎನ್‌ಎ ಮತ್ತು ಶುದ್ಧ ಆರ್‌ಎನ್‌ಎ ದ್ರಾವಣಗಳನ್ನು ಪಕ್ಕದ ಪ್ರನಾಳಗಳಲ್ಲಿ ಇರಿಸಿ, ಬರಿಯ ನೀರಿನ ಪ್ರನಾಳವೊಂದನ್ನೂ ಜೊತೆಗಿರಿಸಿ ಹೋಲಿಸಿದಾಗಲೇ ಇದು ಇತ್ಯರ್ಥವಾಗುತ್ತದೆ.

ಎರಡೂ ಪರೀಕ್ಷೆಗಳಲ್ಲಿ ಪ್ರಬಲ ಆಮ್ಲಗಳನ್ನು ಬಿಸಿಮಾಡಬೇಕಾಗುವುದರಿಂದ ಹೊಗೆ ಹೊರಹೋಗುವ ಕಪಾಟಿನಲ್ಲಿಯೇ ಕೆಲಸ ಮಾಡಬೇಕು. ಡೈಫಿನೈಲಮೀನ್ ವಿಷಕಾರಿ. ಕೈಗವಸು ಮತ್ತು ಕಣ್ಣಿನ ರಕ್ಷಣೆ ಕಡ್ಡಾಯ.

ಅಂಗಾಂಶದಲ್ಲಿ ಗುರುತಿಸುವ ವಿಧಾನಗಳು

ಬಣ್ಣದ ಪರೀಕ್ಷೆಗಳಿಗೆ ಕೋಶಗಳನ್ನು ಅರೆದು ರಸವನ್ನು ತೆಗೆಯಬೇಕಾಗುತ್ತದೆ. ಆಮ್ಲವು ಕೋಶದ ಯಾವ ಭಾಗದಲ್ಲಿದೆ ಎಂಬುದನ್ನು ತಿಳಿಯಲು ಸೂಕ್ಷ್ಮದರ್ಶಕದ ಅಡಿಯಲ್ಲಿ ನೋಡುವ ವರ್ಣಲೇಪನ ವಿಧಾನಗಳು ಬೇಕು.

ಫಾಯ್ಲ್‌ಗನ್ ವರ್ಣಲೇಪನ: ಅಂಗಾಂಶದ ತೆಳುವಾದ ಛೇದವನ್ನು 60 ಡಿಗ್ರಿ ಸೆಲ್ಸಿಯಸ್ ಶಾಖದ ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಸುಮಾರು 10 ನಿಮಿಷ ಇರಿಸಿದಾಗ ಡಿಎನ್‌ಎಯಿಂದ ಅಡಿನೀನ್, ಗ್ವಾನೀನ್‌ಗಳು ಕಳಚಿ, ಡಿಯಾಕ್ಸಿರೈಬೋಸ್‌ನ ಆಲ್ಡಿಹೈಡ್ ಗುಂಪು ತೆರೆದುಕೊಳ್ಳುತ್ತದೆ. ಅನಂತರ ಬಣ್ಣವಿಲ್ಲದ ಶಿಫ್ ಕಾರಕವನ್ನು ಹಾಕಿದರೆ ಅದು ಆಲ್ಡಿಹೈಡ್‌ನೊಡನೆ ಸೇರಿ ಕಡುಗೆಂಪು ನೇರಳೆಯಾಗುತ್ತದೆ. ಆರ್‌ಎನ್‌ಎಯಲ್ಲಿ ಈ ಬಂಧ ಗಟ್ಟಿಯಾಗಿರುವುದರಿಂದ ಅದು ಬಣ್ಣ ತಳೆಯುವುದಿಲ್ಲ. ವರ್ಣತಂತುಗಳು ಮಾತ್ರ ಎದ್ದು ಕಾಣುತ್ತವೆ. ಈರುಳ್ಳಿ ಬೇರಿನ ತುದಿಯಲ್ಲಿ ಕೋಶವಿಭಜನೆಯನ್ನು ತೋರಿಸಲು ಇದು ಬಹಳ ಅನುಕೂಲಕರ. ಬಣ್ಣದ ತೀವ್ರತೆ ಡಿಎನ್‌ಎಯ ಪ್ರಮಾಣಕ್ಕೆ ಅನುಗುಣವಾಗಿರುವುದರಿಂದ ಒಂದೊಂದು ಕೋಶಕೇಂದ್ರದ ಡಿಎನ್‌ಎಯನ್ನು ಅಳೆಯಲೂ ಇದನ್ನು ಬಳಸಿದ್ದಾರೆ. ಆಮ್ಲದಲ್ಲಿ ಇರಿಸುವ ಅವಧಿ ಕಡಮೆಯಾದರೆ ಬಣ್ಣ ಪೂರ್ತಿ ಬರುವುದಿಲ್ಲ. ಹೆಚ್ಚಾದರೆ ಡಿಎನ್‌ಎಯೇ ಕರಗಿಹೋಗುತ್ತದೆ.

ಮಿಥೈಲ್ ಗ್ರೀನ್ ಮತ್ತು ಪೈರೊನಿನ್ ವರ್ಣಲೇಪನ: ಪಾಪೆನ್‌ಹೈಮ್ ಮತ್ತು ಉನ್ನಾ ಎಂಬ ವಿಜ್ಞಾನಿಗಳ ಹೆಸರಿನೊಡನೆ ಗುರುತಿಸಲಾಗುವ ಈ ವಿಧಾನದಲ್ಲಿ ಎರಡು ಬಣ್ಣಗಳನ್ನು ಒಟ್ಟಿಗೆ ಬಳಸುತ್ತಾರೆ. ಎರಡೆಳೆಯ ಡಿಎನ್‌ಎಯಿರುವ ಕೋಶಕೇಂದ್ರವು ಹಸಿರು ಅಥವಾ ನೀಲಿಹಸಿರಾಗಿಯೂ, ಆರ್‌ಎನ್‌ಎಯಿರುವ ಕೋಶದ್ರವ್ಯ ಮತ್ತು ಕಿರುಕೇಂದ್ರಗಳು ಗುಲಾಬಿ ಕೆಂಪಾಗಿಯೂ ಕಾಣುತ್ತವೆ. ಒಂದೇ ಚಿತ್ರದಲ್ಲಿ ಎರಡನ್ನೂ ನೋಡಬಹುದಾದದ್ದು ಇದರ ಗುಣ. ಡಿಎನ್‌ಎ ಚೂರಾಗಿದ್ದರೆ ಅದೂ ಪೈರೊನಿನ್‌ನ ಕೆಂಪನ್ನು ತಳೆಯಬಹುದಾದದ್ದು ಇದರ ದೋಷ. ಈ ಸಂದೇಹವನ್ನು ನಿವಾರಿಸಲು ಬ್ರಾಶೆ ಒಂದು ಸರಳ ಉಪಾಯವನ್ನು ಅನುಸರಿಸಿದನು. ಅಕ್ಕಪಕ್ಕದ ಎರಡು ಛೇದಗಳಲ್ಲಿ ಒಂದನ್ನು ಮೊದಲು ಆರ್‌ಎನ್‌ಏಸ್ ಕಿಣ್ವದಲ್ಲಿ ನೆನೆಸಿ, ಆಮೇಲೆ ಎರಡಕ್ಕೂ ಬಣ್ಣ ಹಾಕುವುದು. ನೆನೆಸಿದ ಛೇದದಲ್ಲಿ ಕೆಂಪು ಮಾಯವಾಗಿದ್ದರೆ ಆ ಕೆಂಪು ಆರ್‌ಎನ್‌ಎಯದೇ ಎಂದು ಖಚಿತವಾಗುತ್ತದೆ.

ಅಕ್ರಿಡಿನ್ ಆರೆಂಜ್: ಈ ಬಣ್ಣವು ಎರಡೆಳೆಯ ಆಮ್ಲದೊಡನೆ ಹಸಿರಾಗಿಯೂ ಒಂಟಿ ಎಳೆಯ ಆಮ್ಲದೊಡನೆ ಕೆಂಪಾಗಿಯೂ ಹೊಳೆಯುತ್ತದೆ. ಸಾಮಾನ್ಯ ಕೋಶದಲ್ಲಿ ಹಸಿರನ್ನು ಡಿಎನ್‌ಎಯೆಂದೂ ಕೆಂಪನ್ನು ಆರ್‌ಎನ್‌ಎಯೆಂದೂ ಎಣಿಸುವ ರೂಢಿಯಿದೆ. ಆದರೆ ಇದು ತೋರಿಸುವುದು ಎಳೆಗಳ ಸ್ಥಿತಿಯನ್ನು, ಸಕ್ಕರೆಯನ್ನಲ್ಲ.

ಕ್ಷಾರದ ಜಲವಿಭಜನೆ

ಆರ್‌ಎನ್‌ಎಯನ್ನು ದುರ್ಬಲ ಸೋಡಿಯಂ ಅಥವಾ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದಲ್ಲಿ 37 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ರಾತ್ರಿಯಿಡೀ ಇರಿಸಿದರೆ ಅದು ಬಿಡಿಬಿಡಿಯಾದ ನ್ಯೂಕ್ಲಿಯೊಟೈಡ್‌ಗಳಾಗುತ್ತದೆ. ಕ್ಷಾರವು ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಗುಂಪಿನಿಂದ ಜಲಜನಕವನ್ನು ಸೆಳೆದುಕೊಂಡಾಗ, ಉಳಿದ ಆಮ್ಲಜನಕವು ಪಕ್ಕದ ರಂಜಕದ ಮೇಲೆ ಎರಗಿ ಸರಪಳಿಯನ್ನು ಕಡಿಯುತ್ತದೆ. ಡಿಎನ್‌ಎಯಲ್ಲಿ ಆ ಆಮ್ಲಜನಕವೇ ಇಲ್ಲ. ಅದರ ಎರಡು ಎಳೆಗಳು ಕ್ಷಾರದಲ್ಲಿ ಪರಸ್ಪರ ಬಿಡಿಸಿಕೊಳ್ಳುತ್ತವೆ, ಆದರೆ ಎಳೆ ತುಂಡಾಗುವುದಿಲ್ಲ.

ಬಳಿಕ ದ್ರಾವಣವನ್ನು ತಣ್ಣಗಿರಿಸಿ ಆಮ್ಲವನ್ನು ಸೇರಿಸಿದರೆ ಡಿಎನ್‌ಎ ಪ್ರಕ್ಷೇಪವಾಗಿ ತಳಕ್ಕಿಳಿಯುತ್ತದೆ. ಆರ್‌ಎನ್‌ಎಯಿಂದ ಬಂದ ನ್ಯೂಕ್ಲಿಯೊಟೈಡ್‌ಗಳು ಮೇಲಿನ ತಿಳಿಯಲ್ಲಿ ಉಳಿಯುತ್ತವೆ. ಗೆರ್ಹಾರ್ಡ್ ಷ್ಮಿಟ್ ಮತ್ತು ಸೀಗ್‌ಫ್ರೀಡ್ ತಾನ್‌ಹೌಸರ್ 1945ರಲ್ಲಿ ಪ್ರಕಟಿಸಿದ ವಿಧಾನ ಇದೇ ತತ್ತ್ವದ ಮೇಲೆ ನಿಂತಿದೆ. ಒಂದೇ ಅಂಗಾಂಶದಲ್ಲಿ ಎರಡು ಆಮ್ಲಗಳು ಎಷ್ಟೆಷ್ಟಿವೆ ಎಂಬುದನ್ನು ತಿಳಿಯಲು ಇದನ್ನು ವ್ಯಾಪಕವಾಗಿ ಬಳಸಲಾಯಿತು. ದುಬಾರಿ ಕಿಣ್ವಗಳಿಲ್ಲದ ಪ್ರಯೋಗಾಲಯದಲ್ಲಿಯೂ ಮಾಡಬಹುದಾದದ್ದು ಇದರ ಅನುಕೂಲ.

ಕಿಣ್ವಗಳ ಪರೀಕ್ಷೆ

ಇದ್ದುದರಲ್ಲಿ ಹೆಚ್ಚು ಖಚಿತವಾದ ಉತ್ತರ ದೊರೆಯುವುದು ಕಿಣ್ವಗಳಿಂದ. ಮಾದರಿಯನ್ನು ಮೂರು ಪಾಲು ಮಾಡಿ, ಒಂದಕ್ಕೆ ಡಿಎನ್‌ಏಸ್, ಇನ್ನೊಂದಕ್ಕೆ ಆರ್‌ಎನ್‌ಏಸ್ ಸೇರಿಸಿ, ಮೂರನೆಯದನ್ನು ಕಿಣ್ವವಿಲ್ಲದೆ ಹಾಗೆಯೇ ಇರಿಸುತ್ತಾರೆ. ಯಾವ ಪಾಲಿನಲ್ಲಿ ವಸ್ತುವು ನಾಶವಾಯಿತೋ ಅದನ್ನು ನೋಡಿ ಅದು ಯಾವ ಆಮ್ಲವೆಂದು ಹೇಳಬಹುದು.

ಹಸುವಿನ ಮೇದೋಜೀರಕ ಗ್ರಂಥಿಯಿಂದ ದೊರೆಯುವ ಆರ್‌ಎನ್‌ಏಸ್-ಎ 124 ಅಮೈನೊ ಆಮ್ಲಗಳ ಚಿಕ್ಕ ಪ್ರೋಟೀನು. ಕ್ಷಾರದಂತೆಯೇ ಇದು ಕೂಡ ಎರಡನೆಯ ಇಂಗಾಲದ ಹೈಡ್ರಾಕ್ಸಿಲ್ ಗುಂಪನ್ನು ಬಳಸಿಕೊಂಡು ಸರಪಳಿಯನ್ನು ಕಡಿಯುತ್ತದೆ. ಆದ್ದರಿಂದ ಡಿಎನ್‌ಎಯನ್ನು ಅದು ಕಡಿಯಲಾರದು. ಕುದಿಸಿದರೂ ತಣಿದ ಮೇಲೆ ಮತ್ತೆ ಕ್ರಿಯಾಶೀಲವಾಗುವಷ್ಟು ಇದು ಗಟ್ಟಿ. ಡಿಎನ್‌ಏಸ್-1 ಎಂಬ ಕಿಣ್ವಕ್ಕೆ ಕೆಲಸ ಮಾಡಲು ಮೆಗ್ನೀಸಿಯಂ, ಕ್ಯಾಲ್ಸಿಯಂಗಳಂತಹ ಲೋಹದ ಅಯಾನುಗಳು ಬೇಕು. ಇಡಿಟಿಎ ಎಂಬ ವಸ್ತು ಈ ಲೋಹಗಳನ್ನು ಹಿಡಿದಿಟ್ಟುಕೊಳ್ಳುವುದರಿಂದ ಅದನ್ನು ಸೇರಿಸಿದರೆ ಡಿಎನ್‌ಏಸ್ ನಿಲ್ಲುತ್ತದೆ.

ಕಿಣ್ವಗಳು ಶುದ್ಧವಾಗಿಲ್ಲದಿದ್ದರೆ ಇಡೀ ಪರೀಕ್ಷೆಯೇ ದಾರಿ ತಪ್ಪುತ್ತದೆ. ಆರ್‌ಎನ್‌ಏಸ್‌ನಲ್ಲಿ ಬೆರೆತಿರಬಹುದಾದ ಡಿಎನ್‌ಏಸನ್ನು ಕುದಿಸಿ ನಾಶಮಾಡುವುದು ರೂಢಿ. ಆದರೆ ಡಿಎನ್‌ಏಸ್‌ನಲ್ಲಿ ಬೆರೆತಿರುವ ಆರ್‌ಎನ್‌ಏಸನ್ನು ಹೀಗೆ ತೆಗೆಯಲು ಬಾರದು. ಕುದಿಸಿದರೆ ಡಿಎನ್‌ಏಸ್ ಹಾಳಾಗಿ ಆರ್‌ಎನ್‌ಏಸೇ ಉಳಿಯುತ್ತದೆ. ಆದ್ದರಿಂದ ಆರ್‌ಎನ್‌ಏಸ್ ಇಲ್ಲವೆಂದು ಖಾತರಿಪಡಿಸಿದ ಡಿಎನ್‌ಏಸನ್ನೇ ಬಳಸಬೇಕು.

ನೇರಳಾತೀತ ಕಿರಣ ಮತ್ತು ಜೆಲ್ ವಿಧಾನಗಳು

ಎರಡೂ ಆಮ್ಲಗಳು 260 ನ್ಯಾನೋಮೀಟರ್ ಸಮೀಪದ ನೇರಳಾತೀತ ಕಿರಣವನ್ನು ಹೆಚ್ಚಾಗಿ ಹೀರುತ್ತವೆ. ಹೀರಿಕೆ 1 ಆಗಿದ್ದರೆ, ಎರಡೆಳೆಯ ಡಿಎನ್‌ಎಯಾದರೆ ಮಿಲಿಲೀಟರಿಗೆ ಸುಮಾರು 50 ಮೈಕ್ರೊಗ್ರಾಂ, ಆರ್‌ಎನ್‌ಎಯಾದರೆ ಸುಮಾರು 40 ಮೈಕ್ರೊಗ್ರಾಂ ಎಂದು ಲೆಕ್ಕಹಾಕುತ್ತಾರೆ. 260 ಮತ್ತು 280 ನ್ಯಾನೋಮೀಟರ್‌ಗಳ ಹೀರಿಕೆಯ ಅನುಪಾತವು ಶುದ್ಧ ಡಿಎನ್‌ಎಯಲ್ಲಿ ಸುಮಾರು 1.8, ಶುದ್ಧ ಆರ್‌ಎನ್‌ಎಯಲ್ಲಿ ಸುಮಾರು 2.0 ಇರುತ್ತದೆ. ಈ ಅನುಪಾತದಿಂದ ಮುಖ್ಯವಾಗಿ ತಿಳಿಯುವುದು ಪ್ರೋಟೀನಿನ ಬೆರಕೆ. ದ್ರಾವಣದ ಪಿಎಚ್ ಬದಲಾದರೂ ಅನುಪಾತ ಬದಲಾಗುತ್ತದೆ. ಹೀಗಾಗಿ ಇದರಿಂದ ಎಷ್ಟಿದೆ ಎಂದು ಹೇಳಬಹುದೇ ಹೊರತು ಯಾವುದಿದೆ ಎಂದು ನಿಶ್ಚಯಿಸಲಾಗದು.

ಅಗರೋಸ್ ಜೆಲ್‌ನಲ್ಲಿ ವಿದ್ಯುತ್ತನ್ನು ಹರಿಸಿ ಅಣುಗಳನ್ನು ಗಾತ್ರಕ್ಕೆ ತಕ್ಕಂತೆ ಬೇರ್ಪಡಿಸಿದಾಗ, ಸಸ್ಯ ಅಥವಾ ಪ್ರಾಣಿಕೋಶದ ಒಟ್ಟು ಆರ್‌ಎನ್‌ಎಯಲ್ಲಿ ರೈಬೋಸೋಮಿನ ಎರಡು ಪ್ರಮುಖ ಪಟ್ಟಿಗಳು ಸ್ಪಷ್ಟವಾಗಿ ಕಾಣುತ್ತವೆ. ಕೋಶದ ಉದ್ದನೆಯ ಡಿಎನ್‌ಎ ಜೆಲ್‌ನ ಬಾಯಿಯ ಸಮೀಪದಲ್ಲಿಯೇ ಉಳಿಯುತ್ತದೆ. ಪಟ್ಟಿಗಳನ್ನು ಕಾಣಿಸಲು ಬಳಸುವ ಇಥಿಡಿಯಂ ಬ್ರೋಮೈಡ್ ಎರಡೂ ಆಮ್ಲಗಳಿಗೆ ಅಂಟುವುದರಿಂದ, ಸಂದೇಹವಿರುವ ಪಟ್ಟಿಯನ್ನು ಕಿಣ್ವಗಳಿಂದ ಪರೀಕ್ಷಿಸಬೇಕಾಗುತ್ತದೆ.

ಏವರಿಯ ಪ್ರಯೋಗ: ಒಂದು ಐತಿಹಾಸಿಕ ಉದಾಹರಣೆ

ಈ ಪರೀಕ್ಷೆಗಳೆಲ್ಲ ಒಟ್ಟಾಗಿ ಹೇಗೆ ಕೆಲಸ ಮಾಡುತ್ತವೆಂಬುದಕ್ಕೆ ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯ ಆಸ್ವಾಲ್ಡ್ ಏವರಿ, ಕಾಲಿನ್ ಮೆಕ್ಲಿಯಡ್ ಮತ್ತು ಮ್ಯಾಕ್ಲಿನ್ ಮೆಕಾರ್ಟಿಯವರು 1944ರಲ್ಲಿ ಪ್ರಕಟಿಸಿದ ಪ್ರಬಂಧ ಉತ್ತಮ ನಿದರ್ಶನ. ನ್ಯುಮೋನಿಯ ಉಂಟುಮಾಡುವ ಬ್ಯಾಕ್ಟೀರಿಯದ ಒಂದು ತಳಿಯ ಸತ್ತ ಕೋಶಗಳಲ್ಲಿರುವ ಯಾವುದೋ ವಸ್ತುವು ಇನ್ನೊಂದು ತಳಿಯ ಗುಣವನ್ನು ಶಾಶ್ವತವಾಗಿ ಬದಲಿಸುತ್ತದೆಂದು ಫ್ರೆಡರಿಕ್ ಗ್ರಿಫಿತ್ 1928ರಲ್ಲಿ ತೋರಿಸಿದ್ದನು. ಆ ವಸ್ತು ಯಾವುದು ಎಂಬುದು ಪ್ರಶ್ನೆ. ಪ್ರೋಟೀನೇ ಇರಬೇಕೆಂಬುದು ಆಗ ಬಹುಜನರ ಎಣಿಕೆಯಾಗಿತ್ತು.

ಏವರಿ ಮತ್ತು ಸಂಗಡಿಗರು ಆ ವಸ್ತುವನ್ನು ಶುದ್ಧೀಕರಿಸಿ ಪರೀಕ್ಷಿಸಿದಾಗ ಡೈಫಿನೈಲಮೀನ್ ಪರೀಕ್ಷೆಯಲ್ಲಿ ಗಾಢವಾದ ಬಣ್ಣ ಬಂದಿತು. ಆರ್ಸಿನಾಲ್ ಪರೀಕ್ಷೆಯಲ್ಲಿಯೂ ತಿಳಿಯಾದ ಬಣ್ಣ ಬಂದಿತು. ಇದರಿಂದ ಆರ್‌ಎನ್‌ಎಯ ಬೆರಕೆಯಿದೆಯೆಂಬ ಆಕ್ಷೇಪಕ್ಕೆ ಅವಕಾಶವಿತ್ತು. ಪ್ರಾಣಿಮೂಲದ ಶುದ್ಧ ಡಿಎನ್‌ಎಯೂ ಅದೇ ಸಾಂದ್ರತೆಯಲ್ಲಿ ಅಷ್ಟೇ ಬಣ್ಣ ಕೊಡುತ್ತದೆಂದು ಅವರು ಹೋಲಿಸಿ ತೋರಿಸಿದರು. ಬಳಿಕ ಕಿಣ್ವಗಳ ಸರದಿ. ಪ್ರೋಟೀನನ್ನು ಕರಗಿಸುವ ಟ್ರಿಪ್ಸಿನ್ ಮತ್ತು ಕೈಮೊಟ್ರಿಪ್ಸಿನ್‌ಗಳಾಗಲಿ, ಆರ್‌ಎನ್‌ಏಸ್ ಆಗಲಿ ಆ ವಸ್ತುವಿನ ಶಕ್ತಿಯನ್ನು ಕುಂದಿಸಲಿಲ್ಲ. ಡಿಎನ್‌ಎಯನ್ನು ಒಡೆಯಬಲ್ಲ ಕಿಣ್ವಗಳಿದ್ದ ಅಂಗಾಂಶ ರಸಗಳು ಮಾತ್ರ ಅದನ್ನು ನಿಷ್ಕ್ರಿಯಗೊಳಿಸಿದವು. 1946ರಲ್ಲಿ ಮೆಕಾರ್ಟಿ ಮತ್ತು ಏವರಿ ಶುದ್ಧೀಕರಿಸಿದ ಡಿಎನ್‌ಏಸನ್ನು ಬಳಸಿ ಇದನ್ನು ಇನ್ನಷ್ಟು ದೃಢಪಡಿಸಿದರು. ಬಣ್ಣ, ಹೋಲಿಕೆ, ಕಿಣ್ವ ಈ ಮೂರರ ಸಾಕ್ಷ್ಯ ಒಂದೆಡೆ ಸೇರಿದ್ದರಿಂದ ಡಿಎನ್‌ಎಯ ಪಾತ್ರವನ್ನು ತಳ್ಳಿಹಾಕುವುದು ಕಷ್ಟವಾಯಿತು.

ಇದೇ ತರ್ಕ ಬೇರೆಡೆಗಳಲ್ಲಿ ಆರ್‌ಎನ್‌ಎಯ ಕಡೆಗೂ ಬೆರಳು ತೋರಿಸಿದೆ. ತಂಬಾಕಿನ ಮೊಸಾಯಿಕ್ ವೈರಾಣುವಿನ ಆರ್‌ಎನ್‌ಎಯೊಂದೇ ಸೋಂಕು ತರಬಲ್ಲದು, ಆರ್‌ಎನ್‌ಏಸ್ ಹಾಕಿದರೆ ಆ ಶಕ್ತಿ ಹೋಗುತ್ತದೆ ಎಂಬುದು 1956ರಲ್ಲಿ ತಿಳಿಯಿತು. 1970ರಲ್ಲಿ ಹೋವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಪ್ರತ್ಯೇಕವಾಗಿ, ಕೆಲವು ವೈರಾಣುಗಳಲ್ಲಿ ಆರ್‌ಎನ್‌ಎಯಿಂದ ಡಿಎನ್‌ಎಯನ್ನು ತಯಾರಿಸುವ ಕಿಣ್ವವಿದೆಯೆಂದು ತೋರಿಸಿದಾಗಲೂ, ಆರ್‌ಎನ್‌ಏಸ್ ಹಾಕಿದರೆ ಆ ಕ್ರಿಯೆ ಕುಂಠಿತವಾಗುವುದು ಅವರ ವಾದದ ಮುಖ್ಯ ಆಧಾರವಾಗಿತ್ತು. ಆಲೂಗಡ್ಡೆ ಗಿಡದ ರೋಗವೊಂದಕ್ಕೆ ಕಾರಣವಾದ, ಪ್ರೋಟೀನಿನ ಕವಚವಿಲ್ಲದ ವೈರಾಯ್ಡ್ ಎಂಬ ಕಿರು ಆರ್‌ಎನ್‌ಎಯನ್ನು ಥಿಯೊಡೋರ್ ಡೀನರ್ 1971ರಲ್ಲಿ ಗುರುತಿಸಿದಾಗಲೂ ಕಿಣ್ವಗಳ ಸಾಕ್ಷ್ಯವೇ ನೆರವಾಯಿತು.

ಆಧುನಿಕ ಪ್ರಯೋಗಾಲಯದಲ್ಲಿ

ಇಂದು ಎರಡು ಆಮ್ಲಗಳನ್ನು ಮೊದಲೇ ಬೇರ್ಪಡಿಸಿ ತೆಗೆಯುವ ವಿಧಾನಗಳಿವೆ. ಆಮ್ಲೀಯವಾದ ಫೀನಾಲ್‌ನೊಡನೆ ಕೋಶರಸವನ್ನು ಕುಲುಕಿ ಕ್ಲೋರೋಫಾರಂ ಸೇರಿಸಿದಾಗ ಆರ್‌ಎನ್‌ಎ ಮೇಲಿನ ನೀರಿನ ಪದರದಲ್ಲಿ ಉಳಿಯುತ್ತದೆ. ಡಿಎನ್‌ಎ ನಡುವಿನ ಮತ್ತು ಕೆಳಗಿನ ಪದರಗಳಿಗೆ ಹೋಗುತ್ತದೆ. ಪಿಯೊಟ್ರ್ ಖೋಮ್‌ಚಿನ್‌ಸ್ಕಿ ಮತ್ತು ನಿಕೊಲೆಟ್ಟಾ ಸಾಕ್ಕಿ 1987ರಲ್ಲಿ ಪ್ರಕಟಿಸಿದ ಈ ಕ್ರಮ ಬಹಳ ಪ್ರಚಾರಕ್ಕೆ ಬಂದಿತು. ಫೀನಾಲ್ ಆಮ್ಲೀಯವಾಗಿಲ್ಲದೆ ಪಿಎಚ್ 8ರ ಸುಮಾರಿನಲ್ಲಿದ್ದರೆ ಡಿಎನ್‌ಎಯೂ ನೀರಿನ ಪದರದಲ್ಲಿಯೇ ಉಳಿಯುತ್ತದೆ.

ಪಿಸಿಆರ್ ವಿಧಾನದಲ್ಲಿ ನಕಲುಗೊಳ್ಳುವುದು ಡಿಎನ್‌ಎ ಮಾತ್ರ. ಕೋವಿಡ್-19 ತರುವ ವೈರಾಣುವಿನ ವಂಶವಾಹಿ ಆರ್‌ಎನ್‌ಎಯಾದ್ದರಿಂದ, ಅದರ ಪತ್ತೆಗೆ ಮೊದಲು ಆರ್‌ಎನ್‌ಎಯನ್ನು ಡಿಎನ್‌ಎಯಾಗಿ ಪ್ರತಿಲೇಖಿಸಿ ಆಮೇಲೆ ಪಿಸಿಆರ್ ಮಾಡುತ್ತಾರೆ. ಆರ್‌ಟಿ-ಪಿಸಿಆರ್ ಎಂಬ ಹೆಸರಿನ ಮೊದಲ ಭಾಗ ಈ ಪ್ರತಿಲೇಖನವನ್ನು ಸೂಚಿಸುತ್ತದೆ. ಕೋಶವೊಂದರಲ್ಲಿ ಯಾವ ವಂಶವಾಹಿ ಎಷ್ಟು ಕ್ರಿಯಾಶೀಲವಾಗಿದೆ ಎಂಬುದನ್ನು ಅಳೆಯುವಾಗಲೂ ಇದೇ ಕ್ರಮ. ಅಲ್ಲಿ ಆರ್‌ಎನ್‌ಎ ಮಾದರಿಯಲ್ಲಿ ಕೋಶದ ಡಿಎನ್‌ಎ ಸ್ವಲ್ಪ ಉಳಿದಿದ್ದರೂ ಅದು ನಕಲುಗೊಂಡು, ನಿಷ್ಕ್ರಿಯವಾದ ವಂಶವಾಹಿಯೂ ಕ್ರಿಯಾಶೀಲವಾಗಿರುವಂತೆ ತೋರುತ್ತದೆ. ಆದ್ದರಿಂದ ಮಾದರಿಗೆ ಮೊದಲು ಡಿಎನ್‌ಏಸ್ ಹಾಕುತ್ತಾರೆ. ಪ್ರತಿಲೇಖನ ಕಿಣ್ವವನ್ನು ಸೇರಿಸದ ಒಂದು ಪ್ರನಾಳವನ್ನೂ ಜೊತೆಯಲ್ಲಿ ಇರಿಸುತ್ತಾರೆ. ಆ ಪ್ರನಾಳದಲ್ಲಿಯೂ ಫಲಿತಾಂಶ ಬಂದರೆ ಅದು ಆರ್‌ಎನ್‌ಎಯಿಂದ ಬಂದದ್ದಲ್ಲ, ಡಿಎನ್‌ಎಯ ಬೆರಕೆಯಿಂದ ಬಂದದ್ದು.

ಪರೀಕ್ಷೆಗಳ ಹೋಲಿಕೆ

• ಡೈಫಿನೈಲಮೀನ್: ಡಿಎನ್‌ಎ ನೀಲಿ; ಆರ್‌ಎನ್‌ಎಗೆ ನೀಲಿ ಬಣ್ಣವಿಲ್ಲ. ಆಧಾರ: ಸಕ್ಕರೆ.
• ಆರ್ಸಿನಾಲ್: ಆರ್‌ಎನ್‌ಎ ಗಾಢ ಹಸಿರು, ಡಿಎನ್‌ಎ ತಿಳಿಯಾದ ಬಣ್ಣ. ಆಧಾರ: ಸಕ್ಕರೆ.
• ಫಾಯ್ಲ್‌ಗನ್: ಡಿಎನ್‌ಎ ಕಡುಗೆಂಪು ನೇರಳೆ, ಆರ್‌ಎನ್‌ಎಗೆ ಬಣ್ಣವಿಲ್ಲ. ಆಧಾರ: ಸಕ್ಕರೆ.
• ಮಿಥೈಲ್ ಗ್ರೀನ್ ಮತ್ತು ಪೈರೊನಿನ್: ಡಿಎನ್‌ಎ ಹಸಿರು, ಆರ್‌ಎನ್‌ಎ ಕೆಂಪು. ಆಧಾರ: ಅಣುವಿನ ಆಕಾರ ಮತ್ತು ಉದ್ದ.
• ಅಕ್ರಿಡಿನ್ ಆರೆಂಜ್: ಎರಡೆಳೆ ಹಸಿರು, ಒಂಟಿ ಎಳೆ ಕೆಂಪು. ಆಧಾರ: ಎಳೆಗಳ ಸ್ಥಿತಿ.
• ಕ್ಷಾರ: ಆರ್‌ಎನ್‌ಎ ಚೂರಾಗುತ್ತದೆ, ಡಿಎನ್‌ಎಯ ಎಳೆ ಉಳಿಯುತ್ತದೆ. ಆಧಾರ: ಸಕ್ಕರೆ.
• ಕಿಣ್ವಗಳು: ಡಿಎನ್‌ಏಸ್ ಡಿಎನ್‌ಎಯನ್ನೂ ಆರ್‌ಎನ್‌ಏಸ್ ಆರ್‌ಎನ್‌ಎಯನ್ನೂ ಒಡೆಯುತ್ತವೆ.
• ನೇರಳಾತೀತ ಹೀರಿಕೆ: ಎರಡಕ್ಕೂ ಬಹುತೇಕ ಸಮಾನ, ಪ್ರಮಾಣಕ್ಕೆ ಉಪಯುಕ್ತ, ಗುರುತಿಗೆ ಸಾಲದು.

ಮಿತಿಗಳು ಮತ್ತು ಅಪವಾದಗಳು

ಪ್ರತ್ಯಾಮ್ಲಗಳನ್ನು ಬೇರ್ಪಡಿಸಿ ಥೈಮೀನ್ ಇದೆಯೋ ಯುರಾಸಿಲ್ ಇದೆಯೋ ಎಂದು ನೋಡುವುದೂ ಒಂದು ವಿಧಾನ. ಆದರೆ ಅದಕ್ಕೂ ಅಪವಾದಗಳಿವೆ. ವರ್ಗಾವಣೆ ಆರ್‌ಎನ್‌ಎಯಲ್ಲಿ ಸಾಮಾನ್ಯವಾಗಿ ಒಂದು ಥೈಮೀನ್ ಇರುತ್ತದೆ. ಬ್ಯಾಕ್ಟೀರಿಯಗಳಿಗೆ ಸೋಂಕು ತಗುಲಿಸುವ ಪಿಬಿಎಸ್-1 ಎಂಬ ವೈರಾಣುವಿನ ಡಿಎನ್‌ಎಯಲ್ಲಿ ಥೈಮೀನ್ ಬದಲು ಯುರಾಸಿಲ್ ಇದೆ. ಹೀಗಾಗಿ ಎರಡು ಆಮ್ಲಗಳ ನಿಜವಾದ ಗಡಿ ಸಕ್ಕರೆಯೇ.

ಶಾಲೆಗಳಲ್ಲಿ ಉಪ್ಪು, ಪಾತ್ರೆ ತೊಳೆಯುವ ಸಾಬೂನಿನ ದ್ರವ ಮತ್ತು ತಣ್ಣನೆಯ ಆಲ್ಕೋಹಾಲನ್ನು ಬಳಸಿ ಈರುಳ್ಳಿ ಅಥವಾ ಬಾಳೆಹಣ್ಣಿನಿಂದ ಡಿಎನ್‌ಎ ತೆಗೆಯುವ ಪ್ರಯೋಗ ಜನಪ್ರಿಯವಾಗಿದೆ. ಅಲ್ಲಿ ತೇಲಿಬರುವ ಬಿಳಿಯ ನೂಲಿನಂತಹ ವಸ್ತು ಶುದ್ಧ ಡಿಎನ್‌ಎಯಲ್ಲ. ಅದರಲ್ಲಿ ಆರ್‌ಎನ್‌ಎ, ಪ್ರೋಟೀನು ಮತ್ತು ಹಣ್ಣಿನ ಪೆಕ್ಟಿನ್ ಕೂಡ ಸೇರಿರುತ್ತವೆ. ಪೆಕ್ಟಿನ್‌ನಂತಹ ವಸ್ತುಗಳಲ್ಲಿರುವ ಸಕ್ಕರೆಗಳು ಆರ್ಸಿನಾಲ್ ಪರೀಕ್ಷೆಯ ಬಣ್ಣವನ್ನು ಕೆಡಿಸಬಲ್ಲವು. ಡೈಫಿನೈಲಮೀನ್ ಪರೀಕ್ಷೆಯಲ್ಲಿ ನೀಲಿ ಬಂದರೆ ಡಿಎನ್‌ಎ ಇದೆಯೆಂದು ಹೇಳಬಹುದು. ಬೇರೇನೂ ಇಲ್ಲವೆಂದು ಹೇಳಲಾಗದು.

ಆರ್‌ಎನ್‌ಎ ಬೇಗ ನಾಶವಾಗುವ ವಸ್ತುವೆಂಬುದನ್ನೂ ನೆನಪಿಡಬೇಕು. ಮನುಷ್ಯನ ಚರ್ಮದ ಮೇಲೆ, ಧೂಳಿನಲ್ಲಿ, ತೊಳೆಯದ ಗಾಜಿನ ಮೇಲೆ ಆರ್‌ಎನ್‌ಏಸ್ ಇರುತ್ತದೆ. ಮಾದರಿಯನ್ನು ಬರಿಗೈಯಲ್ಲಿ ಮುಟ್ಟಿದರೆ ಪರೀಕ್ಷೆಗೆ ಮೊದಲೇ ಆರ್‌ಎನ್‌ಎ ಒಡೆದುಹೋಗಬಹುದು. ಆಗ ಪರೀಕ್ಷೆಯಲ್ಲಿ ಆರ್‌ಎನ್‌ಎ ಕಾಣದಿದ್ದರೆ, ಅದು ಜೀವಕೋಶದಲ್ಲಿಯೇ ಇರಲಿಲ್ಲವೆಂದು ತೀರ್ಮಾನಿಸಲು ಬಾರದು. ಯಾವ ಪರೀಕ್ಷೆಯನ್ನೇ ಮಾಡಿದರೂ, ಡಿಎನ್‌ಎ ಮಾತ್ರ ಇರುವ, ಆರ್‌ಎನ್‌ಎ ಮಾತ್ರ ಇರುವ ಮತ್ತು ಎರಡೂ ಇಲ್ಲದ ಮೂರು ನಿಯಂತ್ರಣ ಮಾದರಿಗಳನ್ನು ಜೊತೆಯಲ್ಲಿ ಪರೀಕ್ಷಿಸಿದರೆ ಮಾತ್ರ ಫಲಿತಾಂಶಕ್ಕೆ ಬೆಲೆ ಬರುತ್ತದೆ.